ಗೃಹಾರೋಗ್ಯ: ಡಯಾಲಿಸಿಸ್ ಕೇಂದ್ರದ ಗುಣವನ್ನು ಅರಿಯುವ ಬಗೆ

ನಮ್ಮ ಗೃಹಸ್ಥರು ಪರೀಕ್ಷಿಸದೆ ಯಾವ ವಸ್ತುವನ್ನೂ ಮನೆಯೊಳಕ್ಕೆ ತರುವವರಲ್ಲ. ರಾಗಿಯನ್ನು ಕೊಳ್ಳುವಾಗ ಒಂದು ಹಿಡಿ ತೆಗೆದು ಊದಿ ನೋಡುವರು. ತುಪ್ಪವನ್ನು ಅಂಗೈಯಲ್ಲಿ ತಿಕ್ಕಿ ಮೂಸುವರು. ಹೆಣ್ಣನ್ನು ಕೊಡುವ ಮನೆಯ ಬಾವಿಯ ನೀರು ಸಿಹಿಯೋ ಉಪ್ಪೋ ಎಂಬುದನ್ನು ಕೂಡ ನಾಲ್ವರಲ್ಲಿ ವಿಚಾರಿಸುವರು. ಇಂಥವರ ಮನೆಯಲ್ಲಿ ಒಬ್ಬರಿಗೆ ಮೂತ್ರಪಿಂಡಗಳು ಕೆಟ್ಟು, ವಾರಕ್ಕೆ ಎರಡು ಮೂರು ಬಾರಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕಾದ ಪ್ರಸಂಗ ಬಂದಿತೆನ್ನಿ. ಆಗ ಆ ಪರೀಕ್ಷಕ ಬುದ್ಧಿಯೆಲ್ಲ ಎಲ್ಲಿಯೋ ಅಡಗಿಹೋಗುವುದು. ದೇಹದ ರಕ್ತವನ್ನು ಹೊರಕ್ಕೆ ಹರಿಯಿಸಿ, ತೊಳೆದು, ಮತ್ತೆ ಒಳಕ್ಕೆ ಕಳುಹಿಸುವ ಸ್ಥಳವನ್ನು ಕುರಿತು ‘ಅಲ್ಲಿಯ ಜನ ಒಳ್ಳೆಯವರು, ಚೆನ್ನಾಗಿ ಮಾತನಾಡಿಸುತ್ತಾರೆ’ ಎಂಬ ಒಂದು ಮಾತಲ್ಲದೆ ಬೇರೆ ವಿಮರ್ಶೆ ಕೇಳಿಬರುವುದಿಲ್ಲ.

ಇದಕ್ಕೆ ಕಾರಣಗಳು ಎರಡು. ಏನನ್ನು ನೋಡಬೇಕು, ಏನನ್ನು ಕೇಳಬೇಕು ಎಂಬುದು ತಿಳಿಯದಿರುವುದು ಮೊದಲನೆಯದು. ಎರಡನೆಯದು ಸಂಕೋಚ. ಸರ್ಕಾರದ ಕೇಂದ್ರಗಳಲ್ಲಿ ಬಡವರಿಗೆ ಈ ಚಿಕಿತ್ಸೆಯು ಉಚಿತವಾಗಿ ದೊರೆಯುವುದು. ದಾನದ ಹಸುವಿನ ಹಲ್ಲನ್ನು ಎಣಿಸಬಾರದೆಂಬ ಗಾದೆಯನ್ನು ನೆನೆದು, ದೊರೆತುದೇ ಭಾಗ್ಯವೆಂದು ಜನರು ಬಾಯಿ ಮುಚ್ಚಿಕೊಂಡಿರುವರು. ಆದರೆ ಇಲ್ಲಿ ಆ ಗಾದೆ ಸಲ್ಲದು. ಈ ಕೇಂದ್ರಗಳು ನಡೆಯುವುದು ಪ್ರಜೆಗಳೆಲ್ಲ ತೆತ್ತ ತೆರಿಗೆಯಿಂದ. ಅಲ್ಲಿ ದೊರೆಯುವುದು ದಾನವಲ್ಲ. ಹಸುವಿನ ಹಲ್ಲು ಸವೆದಿದ್ದರೆ ಹಾಲು ಕಡಮೆಯಾದೀತು, ಅಷ್ಟೆ. ಡಯಾಲಿಸಿಸ್ ಸವೆದರೆ ಆಯುಸ್ಸು ಕಡಮೆಯಾಗುವುದು. ಆದುದರಿಂದ ಈ ಎರಡು ಕಾರಣಗಳನ್ನೂ ನಿವಾರಿಸಲು ಈ ತಿಂಗಳ ಬರಹದಲ್ಲಿ ಪ್ರಯತ್ನಿಸುವೆವು.

ದೃಷ್ಟಾಂತಕ್ಕಾಗಿ ಕೈಲಾಂಚದ ಸೀಮೆಯನ್ನು ತೆಗೆದುಕೊಳ್ಳೋಣ. ಇದು ರಾಮನಗರ ತಾಲ್ಲೂಕಿನ ಒಂದು ಹೋಬಳಿ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳನ್ನು ಒಳಗೊಂಡು ೨೦೦೭ರಲ್ಲಿ ಪ್ರತ್ಯೇಕವಾದ ಜಿಲ್ಲೆಯು ೨೦೨೫ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆಯೆಂಬ ಹೊಸ ಹೆಸರನ್ನು ಪಡೆದಿರುವುದು ವಾಚಕರಿಗೆ ತಿಳಿದ ಸಂಗತಿ. ರಾಗಿಯ ಹೊಲ, ಹಿಪ್ಪುನೇರಳೆಯ ತೋಟ, ರೇಷ್ಮೆಹುಳುವಿನ ಮನೆ, ಇವು ಈ ನಾಡಿನ ಸಂಪತ್ತು. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವು ಡಯಾಲಿಸಿಸ್ಸಿಗೆಂದು ಏರ್ಪಟ್ಟುದಲ್ಲ. ರೋಗಿಯು ರಾಮನಗರದ ಪೇಟೆಗೆ ಹೋಗಬೇಕು, ಅಲ್ಲಿ ಸರದಿ ದೊರೆಯದಿದ್ದರೆ ಮುಂದೆ ಬೆಂಗಳೂರಿನವರೆಗೂ ಹೋಗಬೇಕು. ಜತೆಗೆ ಮನೆಯವರೊಬ್ಬರು ಬೇಕು. ಅವರ ಅಂದಿನ ಕೂಲಿ ಹೋಯಿತು. ಮನೆಯಲ್ಲಿ ಹುಳು ನಾಲ್ಕನೆಯ ಜ್ವರವನ್ನು ಕಳೆದು ಎದ್ದಿದ್ದರೆ, ಹೊತ್ತು ಹೊತ್ತಿಗೆ ಸೊಪ್ಪು ಹಾಕುವವರಾರು ಎಂಬ ಚಿಂತೆ ಬೇರೆ. ‘ಇವತ್ತು ಅರ್ಧ ಗಂಟೆ ಮುಂಚೆ ಬಿಟ್ಟರೆ ಬಸ್ಸು ಸಿಕ್ಕೀತು’ ಎಂದು ರೋಗಿಯೇ ಬೇಡಿಕೊಳ್ಳುವ ಸಂದರ್ಭ ಹೀಗೆ ಒದಗುವುದು. ಮುಂದಿನ ಸರದಿಯವರು ಕಾದಿರುವಾಗ ಅದನ್ನು ಒಲ್ಲೆವೆನ್ನುವ ಕೇಂದ್ರಗಳೂ ವಿರಳ. ಈ ಅರ್ಧ ಗಂಟೆಯ ಮೇಲೆಯೇ ನಮ್ಮ ವಿಚಾರವೆಲ್ಲ ನಿಂತಿದೆಯೆಂದರೂ ಸಲ್ಲುವುದು.

ಮೊದಲು ಯಂತ್ರವು ಮಾಡುವ ಕೆಲಸವನ್ನು ತಿಳಿಯೋಣ. ಆರೋಗ್ಯವಂತನ ಮೂತ್ರಪಿಂಡಗಳು ವಾರದ ೧೬೮ ಗಂಟೆಗಳೂ ಬಿಡುವಿಲ್ಲದೆ ರಕ್ತವನ್ನು ಸೋಸಿ, ಕಲ್ಮಷವನ್ನೂ ಹೆಚ್ಚಾದ ನೀರನ್ನೂ ಉಪ್ಪನ್ನೂ ಹೊರಗೆ ಹಾಕುವುವು. ಅವು ಕೆಟ್ಟಾಗ ಈ ಕೆಲಸವನ್ನು ‘ಡಯಲೈಸರ್’ ಎಂಬ ಸೋಸುಕೊಳವೆಗೆ ವಹಿಸುವರು. ಅದರೊಳಗೆ ಕೂದಲಿನಷ್ಟು ಸಣ್ಣನೆಯ ಸಾವಿರಾರು ನಾಳಗಳಿರುವುವು. ನಾಳಗಳ ಒಳಗೆ ರಕ್ತವೂ, ಹೊರಗೆ ಹದವಾಗಿ ಲವಣಗಳನ್ನು ಬೆರೆಸಿದ ನೀರೂ ಹರಿಯುವುವು. ನಡುವಣ ತೆಳುಪೊರೆಯನ್ನು ದಾಟಿ ಕಲ್ಮಷವು ನೀರಿಗೆ ಸೇರುವುದು. ವಾರಕ್ಕೆ ಮೂರು ಬಾರಿ, ಒಂದೊಂದು ಬಾರಿಗೆ ನಾಲ್ಕು ಗಂಟೆ ಎಂಬುದು ಲೋಕವೆಲ್ಲ ಒಪ್ಪಿದ ವಾಡಿಕೆ. ಎಂದರೆ ೧೬೮ ಗಂಟೆಗಳ ಕೆಲಸವನ್ನು ೧೨ ಗಂಟೆಗಳಲ್ಲಿ ತೀರಿಸಬೇಕು. ಇಷ್ಟು ಇಕ್ಕಟ್ಟಾದ ಲೆಕ್ಕದಲ್ಲಿ ಒಂದು ನಿಮಿಷವೂ ಹೆಚ್ಚಿನದಲ್ಲವೆಂಬುದು ಸ್ಪಷ್ಟ.

ಈ ವಿದ್ಯೆಯು ಸುಲಭವಾಗಿ ಕೈಸೇರಿದುದಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೩ರಲ್ಲಿ, ಹಾಲೆಂಡಿನ ಕಾಂಪೆನ್ ಎಂಬ ಊರಿನ ಆಸ್ಪತ್ರೆಯಲ್ಲಿ ವಿಲ್ಲೆಮ್ ಕೊಲ್ಫ್ ಎಂಬ ವೈದ್ಯನು ಮಾಂಸದ ಕಡುಬಿಗೆ ಹೊದಿಸುವ ಸೆಲೋಫೇನ್ ನಾಳವನ್ನು ಉರುಳೆಗೆ ಸುತ್ತಿ ಮೊದಲ ಕೃತಕ ಮೂತ್ರಪಿಂಡವನ್ನು ಕಟ್ಟಿದನು. ಮೊದಮೊದಲ ರೋಗಿಗಳಲ್ಲಿ ಬಹುಮಂದಿ ಉಳಿಯಲಿಲ್ಲ. ೧೯೪೫ರಲ್ಲಿ ಪ್ರಜ್ಞೆ ತಪ್ಪಿದ್ದ ೬೭ ವರ್ಷದ ಒಬ್ಬ ಮುದುಕಿಯು ಈ ಯಂತ್ರದಿಂದ ಚೇತರಿಸಿಕೊಂಡಳು. ಮುಂದೆ ೧೯೬೦ರಲ್ಲಿ ಅಮೆರಿಕದ ಸಿಯಾಟಲ್ ನಗರದ ಬೆಲ್ಡಿಂಗ್ ಸ್ಕ್ರಿಬ್ನರ್ ಎಂಬ ವೈದ್ಯನ ಉಪಾಯದಿಂದ ಒಬ್ಬ ರೋಗಿಗೆ ವರ್ಷಗಟ್ಟಲೆ ಡಯಾಲಿಸಿಸ್ ನಡೆಸುವುದು ಸಾಧ್ಯವಾಯಿತು. ಆದರೆ ಅಲ್ಲಿದ್ದ ಯಂತ್ರಗಳು ಬೆರಳೆಣಿಕೆಯಷ್ಟು. ಯಾರಿಗೆ ಚಿಕಿತ್ಸೆಯನ್ನು ಕೊಡಬೇಕೆಂದು ನಿರ್ಣಯಿಸಲು ಊರಿನವರ ಒಂದು ಸಮಿತಿಯೇ ಕುಳಿತುಕೊಳ್ಳಬೇಕಾಯಿತು. ನಮ್ಮ ದೇಶದಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ೧೯೬೦ರ ದಶಕದ ಆರಂಭದಲ್ಲಿ ಈ ಚಿಕಿತ್ಸೆಯು ಮೊದಲಾಯಿತು. ಬಹುಕಾಲ ಇದು ದೊಡ್ಡ ನಗರಗಳ, ಹಣವಂತರ ಚಿಕಿತ್ಸೆಯಾಗಿಯೇ ಇದ್ದಿತು. ೨೦೧೬ರ ಕೇಂದ್ರ ಆಯವ್ಯಯದಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವು ಪ್ರಕಟವಾಗಿ, ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತವಾಗಿ ದೊರೆಯುವ ಏರ್ಪಾಡಾಯಿತು. ಅಂದಿನ ಪ್ರಶ್ನೆಯು ‘ಯಾರಿಗೆ ದೊರೆಯಬೇಕು?’ ಎಂಬುದಾಗಿತ್ತು. ಇಂದು ನಮ್ಮ ಮುಂದಿರುವುದು ‘ದೊರೆತುದು ಎಂಥದು?’ ಎಂಬ ಪ್ರಶ್ನೆ.

ಈಗ ಒರೆಗಲ್ಲುಗಳನ್ನು ಒಂದೊಂದಾಗಿ ನೋಡೋಣ. ಇವುಗಳಲ್ಲಿ ಯಾವುದಕ್ಕೂ ವೈದ್ಯವಿದ್ಯೆ ಬೇಕಿಲ್ಲ. ಓದು, ಬರಹ, ಕೂಡುವ ಕಳೆಯುವ ಲೆಕ್ಕ ಬಂದರೆ ಸಾಕು.

ಮೊದಲನೆಯ ಒರೆಗಲ್ಲು ಕಾಲ. ನಾಲ್ಕು ಗಂಟೆಗಳೆಂದರೆ ರೋಗಿಯು ಹಾಸಿಗೆಯಲ್ಲಿ ಮಲಗಿದಂದಿನಿಂದ ಎದ್ದವರೆಗೆ ಎಂದು ಅರ್ಥವಲ್ಲ. ರಕ್ತವು ಯಂತ್ರದಲ್ಲಿ ಹರಿಯತೊಡಗಿದ ಗಳಿಗೆಯಿಂದ ಅದನ್ನು ಹಿಂದಿರುಗಿಸಲು ತೊಡಗುವವರೆಗೆ. ಯಂತ್ರದ ಮುಖದಲ್ಲಿಯೇ ಈ ಕಾಲವು ಕಾಣುವುದು. ನಡುವೆ ಗಂಟೆ ಬಾರಿಸಿ ಯಂತ್ರವು ನಿಂತರೆ ಆ ನಿಮಿಷಗಳು ಲೆಕ್ಕಕ್ಕೆ ಬಾರವು. ಸರದಿಗೆ ಅರ್ಧ ಗಂಟೆ ಕಡಮೆಯಾದರೆ ಏನು ಮಹಾ ನಷ್ಟವೆಂದು ಕೇಳುವವರುಂಟು. ವಾರಕ್ಕೆ ಮೂರರಂತೆ ವರ್ಷಕ್ಕೆ ೧೫೬ ಸರದಿಗಳು; ಸರದಿಗೆ ಅರ್ಧ ಗಂಟೆಯಂತೆ ೭೮ ಗಂಟೆಗಳು ಹೋದುವು. ನಾಲ್ಕರಿಂದ ಭಾಗಿಸಿದರೆ ಹತ್ತೊಂಬತ್ತೂವರೆ ಸರದಿಗಳಾದುವು. ಒಂದೂವರೆ ತಿಂಗಳು ಕೇಂದ್ರದ ಕಡೆಗೆ ತಲೆಯಿಕ್ಕದೆ ಮನೆಯಲ್ಲಿ ಕುಳಿತವನಿಗೂ, ದಿನವೂ ಬಸ್ಸಿಗಾಗಿ ಅರ್ಧ ಗಂಟೆ ಮುಂಚೆ ಏಳುವವನಿಗೂ ವರ್ಷದ ಕೊನೆಯ ಲೆಕ್ಕದಲ್ಲಿ ಭೇದವಿಲ್ಲ. ಮೊದಲನೆಯದನ್ನು ಕೇಳಿದರೆ ಮನೆಯವರು ಹೌಹಾರುವರು. ಎರಡನೆಯದು ಕಣ್ಣೆದುರಿಗೇ ನಡೆದರೂ ಕಾಣದು. ಒಳ್ಳೆಯ ಕೇಂದ್ರದ ಮೊದಲ ಲಕ್ಷಣವೆಂದರೆ, ರೋಗಿಯೇ ಬೇಡಿದರೂ ಸುಲಭವಾಗಿ ಬಿಡದಿರುವುದು. ಬಿಡಲೇಬೇಕಾದಾಗ ಕಾರಣವನ್ನು ಬರೆದಿಟ್ಟು, ಮುಂದಿನ ಸರದಿಯಲ್ಲಿ ಆ ಕಾಲವನ್ನು ತುಂಬಿಕೊಡಲು ಯತ್ನಿಸುವುದು ಅದರ ಕರ್ತವ್ಯ.

ವಾರಕ್ಕೆ ಎರಡೇ ಬಾರಿ ಕರೆಯುವ ಕೇಂದ್ರಗಳು ನಮ್ಮಲ್ಲಿ ಬಹಳ. ರೋಗಿಗೆ ಇನ್ನೂ ಸಾಕಷ್ಟು ಮೂತ್ರವು ಹೋಗುತ್ತಿದ್ದರೆ ಕೆಲವು ಕಾಲ ಇದು ಸಾಗಬಹುದು. ಮೂತ್ರವು ನಿಂತುಹೋದವರಿಗೆ ಎರಡು ಸಾಲದು. ‘ನಮ್ಮವರಿಗೆ ಎರಡೇ ಏಕೆ? ವೈದ್ಯರ ನಿರ್ಣಯವೋ, ಯಂತ್ರಗಳ ಕೊರತೆಯೋ?’ ಎಂದು ಕೇಳುವ ಹಕ್ಕು ಮನೆಯವರಿಗುಂಟು. ಮೂರು ಬಾರಿ ಮಾಡಿಸಿಕೊಳ್ಳುವವರಿಗೂ ವಾರದಲ್ಲಿ ಒಮ್ಮೆ ಎರಡು ದಿನಗಳ ಬಿಡುವು ಬರುವುದಷ್ಟೆ. ಆ ದೀರ್ಘವಾದ ಬಿಡುವಿನ ಮರುದಿನವೇ ಮರಣಗಳೂ ಹೃದಯದ ತೊಂದರೆಗಳೂ ಹೆಚ್ಚೆಂದು ೨೦೧೧ರಲ್ಲಿ ಅಮೆರಿಕದ ರೋಗಿಗಳ ಲೆಕ್ಕದಿಂದ ತಿಳಿದುಬಂದಿತು. ಹಬ್ಬಕ್ಕೆಂದೋ ಜಾತ್ರೆಗೆಂದೋ ಒಂದು ಸರದಿಯನ್ನು ತಪ್ಪಿಸುವವರು ಇದನ್ನು ಮನಸ್ಸಿನಲ್ಲಿಡತಕ್ಕದ್ದು.

ಎರಡನೆಯದು ತೂಕ. ಸರದಿಗೆ ಮೊದಲೂ ಅನಂತರವೂ ರೋಗಿಯನ್ನು ತಕ್ಕಡಿಯ ಮೇಲೆ ನಿಲ್ಲಿಸಿ ತೂಕವನ್ನು ಬರೆದುಕೊಳ್ಳದ ಕೇಂದ್ರವು ಕುರುಡುಗೈಯಿಂದ ಕೆಲಸ ಮಾಡುವುದೆಂದೇ ತಿಳಿಯಬೇಕು. ಎರಡು ಸರದಿಗಳ ನಡುವೆ ಏರಿದ ತೂಕವೆಲ್ಲ ಬಹುಮಟ್ಟಿಗೆ ನೀರು. ಅದನ್ನು ಯಂತ್ರವು ತೆಗೆಯಬೇಕು. ಆದರೆ ಅವಸರದಿಂದ ತೆಗೆದರೆ ರಕ್ತದೊತ್ತಡ ಕುಸಿದು, ಕಾಲು ಸೆಳೆದು, ಹೃದಯಕ್ಕೆ ಪೆಟ್ಟು ಬೀಳುವುದು. ದೇಹದ ಒಂದು ಕಿಲೋ ತೂಕಕ್ಕೆ ಗಂಟೆಗೆ ೧೩ ಮಿಲಿಲೀಟರಿಗಿಂತ ಹೆಚ್ಚು ತೆಗೆಯಬಾರದೆಂಬುದು ತಜ್ಞರ ಎಚ್ಚರಿಕೆ. ೫೦ ಕಿಲೋ ತೂಕದವರಿಗೆ ನಾಲ್ಕು ಗಂಟೆಗಳಲ್ಲಿ ೨,೬೦೦ ಮಿಲಿಲೀಟರು ಆಯಿತು. ಮೂರು ಗಂಟೆಗೆ ಇಳಿಸಿದರೆ ೧,೯೫೦ ಮಾತ್ರ. ಮನೆಯಲ್ಲಿ ನೀರು, ಮಜ್ಜಿಗೆ, ಸಾರು ಎಂದು ಮೂರೂವರೆ ಕಿಲೋ ಏರಿಸಿಕೊಂಡು ಬಂದು, ಮೂರು ಗಂಟೆಗಳಲ್ಲಿ ಬಿಟ್ಟುಬಿಡಿರೆಂದರೆ ಯಾವ ಕೇಂದ್ರವೂ ಧರ್ಮವಾಗಿ ಅದನ್ನು ನಡೆಸಲಾರದು. ‘ಒಣ ತೂಕ’ವೆಂದು ಕೇಂದ್ರದವರು ಹೇಳುವುದುಂಟು, ಹೆಚ್ಚಿನ ನೀರೆಲ್ಲ ಹೋದ ಮೇಲೆ ಉಳಿಯಬೇಕಾದ ತೂಕವಿದು. ಇದನ್ನು ಕಾಲಕಾಲಕ್ಕೆ ವೈದ್ಯರು ಪರೀಕ್ಷಿಸಿ ಮಾರ್ಪಡಿಸುತ್ತಿರಬೇಕು. ರೋಗಿಯು ಸೊರಗಿದರೂ ಕೊಬ್ಬಿದರೂ ವರ್ಷವಿಡೀ ಒಂದೇ ಅಂಕಿಯು ಚೀಟಿಯಲ್ಲಿದ್ದರೆ, ಯಾರೂ ನೋಡಿಲ್ಲವೆಂದು ಅರ್ಥ.

ಮೂರನೆಯದು ರಕ್ತಪರೀಕ್ಷೆಯ ಅಂಕಿಗಳು. ಸರದಿಗೆ ಮುಂಚೆ ಒಮ್ಮೆ, ಮುಗಿದಾಗ ಒಮ್ಮೆ ರಕ್ತದ ಯೂರಿಯಾವನ್ನು ಅಳೆದರೆ ಎಷ್ಟು ಕಲ್ಮಷ ಹೋಯಿತೆಂಬುದು ಗೊತ್ತಾಗುವುದು. ಮುಂಚೆ ೧೪೦ ಇದ್ದು, ಅನಂತರ ೪೯ಕ್ಕೆ ಇಳಿಯಿತೆನ್ನಿ. ಹೋದುದು ೯೧. ಅದನ್ನು ೧೪೦ರಿಂದ ಭಾಗಿಸಿದರೆ ನೂರಕ್ಕೆ ೬೫. ವಾರಕ್ಕೆ ಮೂರು ಬಾರಿ ಮಾಡಿಸಿಕೊಳ್ಳುವವರಿಗೆ ಇದೇ ಕನಿಷ್ಠ ಮಟ್ಟ. ಇದಕ್ಕಿಂತ ಮೇಲಿದ್ದರೆ ಲೇಸು, ತಿಂಗಳಿಂದ ತಿಂಗಳಿಗೆ ಕೆಳಗಿಳಿದರೆ ಕಾರಣವನ್ನು ಹುಡುಕಲೇಬೇಕು. ಕೆಲವು ಕೇಂದ್ರಗಳವರು ‘ಕೆಟಿ ಬೈ ವಿ’ ಎಂಬ ಬೇರೊಂದು ಅಂಕಿಯನ್ನು ಹೇಳುವರು, ಅದು ೧.೨ಕ್ಕಿಂತ ಕಡಮೆಯಿರಬಾರದು, ೧.೪ರ ಹತ್ತಿರವಿದ್ದರೆ ಉತ್ತಮ. ಹಿಮೋಗ್ಲೋಬಿನ್ ೧೦ರಿಂದ ೧೧.೫ ಗ್ರಾಮಿನ ಆಸುಪಾಸಿನಲ್ಲಿರುವುದು ಒಳ್ಳೆಯದು. ಅದು ತೀರ ಇಳಿದು ರೋಗಿಯು ಮೆಟ್ಟಿಲೇರಲಾರದೆ ಏದುಸಿರು ಬಿಡುತ್ತಿರುವಾಗಲೂ ಇಂಜೆಕ್ಷನ್ನಿನ, ಕಬ್ಬಿಣಾಂಶದ ಮಾತನ್ನೇ ಎತ್ತದಿದ್ದರೆ ಅದು ಕೊರತೆ. ಪೊಟ್ಯಾಸಿಯಂ, ಫಾಸ್ಫರಸ್, ಕ್ಯಾಲ್ಸಿಯಂಗಳನ್ನೂ ನಿಯತವಾಗಿ ನೋಡಬೇಕು. ಪರೀಕ್ಷೆ ಮಾಡಿಸಿದರೆ ಸಾಲದು. ಅದರ ಫಲವನ್ನು ರೋಗಿಯ ಕೈಗೆ ಕೊಟ್ಟು ಅರ್ಥವನ್ನು ತಿಳಿಸಬೇಕು. ಅಂಕಿಗಳನ್ನು ತೋರಿಸಲು ಹಿಂಜರಿಯುವ ಕೇಂದ್ರಕ್ಕಿಂತ, ಅಂಕಿಯು ಸ್ವಲ್ಪ ಕಡಮೆಯಿದ್ದರೂ ತೋರಿಸಿ ಕಾರಣವನ್ನು ಹೇಳುವ ಕೇಂದ್ರವೇ ಮೇಲು.

ನಾಲ್ಕನೆಯದು ನೀರು. ಇದು ಕಣ್ಣಿಗೆ ಕಾಣದ ಭಾಗವಾದರೂ ಬಹು ಮುಖ್ಯ. ಯಂತ್ರದೊಳಗೆ ನಿಮಿಷಕ್ಕೆ ಸುಮಾರು ೫೦೦ ಮಿಲಿಲೀಟರಿನಂತೆ ನೀರು ಹರಿಯುವುದು. ನಾಲ್ಕು ಗಂಟೆಗಳಿಗೆ ೧೨೦ ಲೀಟರು, ವಾರಕ್ಕೆ ಮೂರು ಸರದಿಗೆ ೩೬೦ ಲೀಟರು. ನಾವು ಕುಡಿಯುವ ನೀರನ್ನು ಹೊಟ್ಟೆಯೂ ಕರುಳೂ ಯಕೃತ್ತೂ ಶೋಧಿಸುವುವು. ಈ ನೀರಿಗೂ ರಕ್ತಕ್ಕೂ ನಡುವೆ ಒಂದು ತೆಳುಪೊರೆಯಲ್ಲದೆ ಬೇರೆ ತಡೆಯಿಲ್ಲ. ಕೊಳವೆಬಾವಿಯ ಗಡಸು ನೀರನ್ನು ಹಾಗೆಯೇ ಬಿಟ್ಟರೆ ಓಕರಿಕೆಯೂ ತಲೆನೋವೂ ರಕ್ತದೊತ್ತಡದ ಏರಿಕೆಯೂ ಉಂಟಾಗುವುವು. ನಗರದ ನಲ್ಲಿಯ ನೀರಿಗೆ ಬೆರೆಸಿದ ಕ್ಲೋರಿನ್ ಉಳಿದರೆ ರಕ್ತಕಣಗಳು ಒಡೆಯುವುವು. ೧೯೭೦ರ ದಶಕದಲ್ಲಿ ನೀರಿನೊಳಗಿನ ಅಲ್ಯೂಮಿನಿಯಂ ಮಿದುಳಿಗೇರಿ ಎಷ್ಟೋ ರೋಗಿಗಳು ಮಾತು ತೊದಲಿ, ಬುದ್ಧಿ ಕೆಟ್ಟು ಸತ್ತುದು ಪಾಶ್ಚಾತ್ಯ ದೇಶಗಳಲ್ಲಿ ಬೆಳಕಿಗೆ ಬಂದಿತು. ೧೯೯೬ರಲ್ಲಿ ಬ್ರೆಜಿಲ್ ದೇಶದ ಕರುಆರು ನಗರದ ಒಂದು ಕೇಂದ್ರದಲ್ಲಿ, ಪಾಚಿ ಬೆಳೆದ ಕೆರೆಯ ನೀರನ್ನು ಸರಿಯಾಗಿ ಶೋಧಿಸದೆ ಬಳಸಿದುದರಿಂದ ಸುಮಾರು ನೂರು ಮಂದಿಗೆ ಯಕೃತ್ತು ಕೆಟ್ಟು, ಸುಮಾರು ಐವತ್ತು ಮಂದಿ ಪ್ರಾಣ ಬಿಟ್ಟರು. ಅಂದಿನ ರೋಗಿಗಳಲ್ಲಿ ಯಾರೊಬ್ಬರೂ ಆ ನೀರನ್ನು ಕಣ್ಣಿನಿಂದ ಕಂಡಿರಲಿಲ್ಲ.

ಹಾಗಾದರೆ ಗೃಹಸ್ಥನು ಮಾಡಬಹುದಾದುದೇನು? ಶೋಧಕ ಯಂತ್ರವಿರುವ ಕೋಣೆ ಯಾವುದೆಂದು ಕೇಳಬಹುದು. ಇದ್ದಿಲಿನ ತೊಟ್ಟಿಯನ್ನು ದಾಟಿದ ನೀರಿನಲ್ಲಿ ಕ್ಲೋರಿನ್ ಇದೆಯೇ ಎಂಬುದನ್ನು ದಿನವೂ ಸರದಿ ಮೊದಲಾಗುವ ಮುನ್ನ ಪರೀಕ್ಷಿಸಿ ಬರೆದ ಪುಸ್ತಕವಿದೆಯೇ? ಗಡಸುತನವನ್ನು ನೋಡುವರೇ? ಸೂಕ್ಷ್ಮಜೀವಿಗಳ ಪರೀಕ್ಷೆಗೆ ನೀರನ್ನು ತಿಂಗಳಿಗೊಮ್ಮೆ ಕಳುಹಿಸುವರೇ? ಕಡೆಯ ವರದಿಯ ತಾರೀಖು ಯಾವುದು? ಇಷ್ಟನ್ನು ಕೇಳಿದರೆ ಸಾಕು. ಒಂದೇ ಸರದಿಯಲ್ಲಿ ನಾಲ್ಕಾರು ಮಂದಿಗೆ ಒಟ್ಟಿಗೆ ಚಳಿ, ನಡುಕ, ಓಕರಿಕೆಗಳು ಬಂದುವಾದರೆ, ದೋಷವು ರೋಗಿಗಳ ದೇಹದಲ್ಲಿಲ್ಲ, ನೀರಿನ ಕಡೆಯಲ್ಲಿದೆಯೆಂದು ಶಂಕಿಸಬೇಕು. ಅದನ್ನು ಒಡನೆಯೇ ವೈದ್ಯರಿಗೆ ತಿಳಿಸಬೇಕು.

ಐದನೆಯದು ಕೈಯ ಶುದ್ಧಿ. ರೇಷ್ಮೆ ಸಾಕುವವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾದುದೇ ಇಲ್ಲ. ಒಂದು ಬೆಳೆ ಎದ್ದ ಮೇಲೆ ಹುಳುವಿನ ಮನೆಯನ್ನು ತೊಳೆದು, ತಟ್ಟೆ ಚಂದ್ರಿಕೆಗಳಿಗೆಲ್ಲ ಬ್ಲೀಚಿಂಗ್ ಪುಡಿಯ ನೀರು ಕಾಣಿಸದೆ ಮುಂದಿನ ಮೊಟ್ಟೆಯನ್ನು ಒಳಕ್ಕೆ ತಾರರು. ಹೊರಗಿನವರು ಕೈಕಾಲು ತೊಳೆಯದೆ ಒಳಗೆ ಬಂದರೆ ಮನೆಯೊಡತಿ ಗದರುವಳು. ಹುಳುವಿಗೆ ತೋರಿಸುವ ಈ ಎಚ್ಚರಿಕೆಯನ್ನು ಮನುಷ್ಯರ ವಿಷಯದಲ್ಲಿ ನಿರೀಕ್ಷಿಸುವುದು ಹೆಚ್ಚೇನೂ ಅಲ್ಲ. ಒಬ್ಬ ರೋಗಿಯಿಂದ ಇನ್ನೊಬ್ಬ ರೋಗಿಯ ಬಳಿಗೆ ಹೋಗುವ ಮುನ್ನ ತಂತ್ರಜ್ಞನು ಕೈಗವಸುಗಳನ್ನು ಕಳಚಿ, ಕೈ ತೊಳೆದು, ಬೇರೆಯವನ್ನು ತೊಡುವನೇ ಎಂಬುದನ್ನು ಹಾಸಿಗೆಯ ಮೇಲಿಂದಲೇ ನೋಡಬಹುದು. ಎರಡು ಸರದಿಗಳ ನಡುವೆ ಯಂತ್ರದ ಹೊರಮೈಯನ್ನೂ ಹಾಸಿಗೆಯನ್ನೂ ಔಷಧದ ನೀರಿನಿಂದ ಒರಸುವರೇ? ಹೆಪಟೈಟಿಸ್ ‘ಬಿ’ ಇರುವವರಿಗೆ ಬೇರೆ ಯಂತ್ರವನ್ನು ಇಟ್ಟಿರುವರೇ? ಹೊಸ ರೋಗಿಗೆ ಹೆಪಟೈಟಿಸ್ ‘ಬಿ’, ‘ಸಿ’ ಮತ್ತು ಎಚ್‌ಐವಿ ಪರೀಕ್ಷೆಗಳನ್ನು ಮೊದಲೇ ಮಾಡಿಸಿ, ಮುಂದೆಯೂ ಕಾಲಕಾಲಕ್ಕೆ ಮಾಡಿಸುವರೇ? ಹೆಪಟೈಟಿಸ್ ‘ಬಿ’ಗೆ ಲಸಿಕೆಯುಂಟು, ಡಯಾಲಿಸಿಸ್ ರೋಗಿಗಳಿಗೆ ಅದನ್ನು ಸಾಮಾನ್ಯರಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಹಾಕುವರು. ಕೇಂದ್ರಕ್ಕೆ ಬಂದ ಮೇಲೆ ಅಂಟಿದ ಹೆಪಟೈಟಿಸ್ ಆ ಕೇಂದ್ರದ ಕೈಗಳ ಮೇಲೆ ಬರೆದ ಸಾಕ್ಷಿಯಾಗಿರುವುದು.

ಡಯಲೈಸರನ್ನು ತೊಳೆದು ಅದೇ ರೋಗಿಗೆ ಹಲವು ಬಾರಿ ಬಳಸುವ ಪದ್ಧತಿಯು ನಮ್ಮಲ್ಲಿ ಬಹುಕಾಲದಿಂದ ಇದ್ದಿತು. ಕರ್ನಾಟಕದ ಸರ್ಕಾರಿ ಕೇಂದ್ರಗಳಲ್ಲಿ ಒಂದೇ ಬಾರಿ ಬಳಸಿ ಬಿಸಾಡುವ ಡಯಲೈಸರುಗಳನ್ನು ೨೦೨೪ರಲ್ಲಿ ಬಳಕೆಗೆ ತಂದುದು ಸ್ವಾಗತಾರ್ಹ. ಖಾಸಗಿ ಕೇಂದ್ರಕ್ಕೆ ಹೋಗುವವರು ಅಲ್ಲಿಯ ಪದ್ಧತಿಯನ್ನು ಕೇಳಿ ತಿಳಿಯಬೇಕು. ಪುನಃ ಬಳಸುವುದಾದರೆ ಡಯಲೈಸರಿನ ಮೇಲೆ ರೋಗಿಯ ಹೆಸರೂ ಎಷ್ಟನೆಯ ಬಳಕೆಯೆಂಬುದೂ ಬರೆದಿರಬೇಕು. ಒಳಗಿನ ಅಳತೆಯು ಮೊದಲಿನ ನೂರಕ್ಕೆ ೮೦ಕ್ಕಿಂತ ಕಡಮೆಯಾದ ಕೂಡಲೆ ಎಸೆಯಬೇಕು. ತೊಳೆಯಲು ಬಳಸಿದ ಔಷಧವು ಉಳಿದಿಲ್ಲವೆಂಬುದನ್ನು ಪರೀಕ್ಷಿಸಿ ತೋರಿಸಬೇಕು.

ಆರನೆಯದು ಸೂಜಿ ಹಾಕುವ ಸ್ಥಳ. ಕತ್ತಿನಲ್ಲಿ ಇಡುವ ಕ್ಯಾಥೆಟರ್ ನಾಳವು ತಾತ್ಕಾಲಿಕವಾದುದು. ಅದರ ಮೂಲಕ ಸೋಂಕು ನೇರವಾಗಿ ರಕ್ತಕ್ಕೆ ಇಳಿಯಬಲ್ಲುದು. ೧೯೬೬ರಲ್ಲಿ ನ್ಯೂಯಾರ್ಕಿನ ಬ್ರೆಷಿಯಾ, ಚಿಮಿನೊ ಮೊದಲಾದ ವೈದ್ಯರು ಪ್ರಕಟಿಸಿದ ಫಿಸ್ಟುಲಾ ಕ್ರಮವು, ಎಂದರೆ ಕೈಯ ಧಮನಿಯನ್ನೂ ಸಿರೆಯನ್ನೂ ಜೋಡಿಸುವ ಚಿಕ್ಕ ಶಸ್ತ್ರಕ್ರಿಯೆಯು, ಇಂದಿಗೂ ಎಲ್ಲಕ್ಕಿಂತ ಮೇಲಾದುದೆಂದು ಎಣಿಸಲ್ಪಟ್ಟಿದೆ. ಅದು ಬಲಿಯಲು ಕೆಲವು ವಾರಗಳು ಬೇಕು. ಆದುದರಿಂದ ಒಳ್ಳೆಯ ಕೇಂದ್ರದವರು ರೋಗಿಯು ಬಂದ ಮೊದಲ ದಿನಗಳಲ್ಲಿಯೇ ಫಿಸ್ಟುಲಾ ಮಾಡಿಸಿಕೊಳ್ಳಲು ಒತ್ತಾಯಪಡಿಸಿ, ಎಲ್ಲಿ ಮಾಡುವರೆಂಬುದನ್ನೂ ತಿಳಿಸುವರು. ಕಾರಣವಿಲ್ಲದೆ ತಿಂಗಳುಗಟ್ಟಲೆ ಕತ್ತಿನ ನಾಳದಲ್ಲಿಯೇ ನಡೆಸುತ್ತಿದ್ದರೆ ಕೇಳಬೇಕು. ಮನೆಯವರ ಪಾಲಿನ ಕೆಲಸವೂ ಇಲ್ಲುಂಟು: ದಿನವೂ ಬೆಳಿಗ್ಗೆ ಫಿಸ್ಟುಲಾದ ಮೇಲೆ ಬೆರಳಿಟ್ಟು, ಬೆಕ್ಕಿನ ಗುರುಗುಟ್ಟುವಿಕೆಯಂಥ ಅದುರು ತಿಳಿಯುವುದೇ ಎಂದು ನೋಡಬೇಕು; ತಿಳಿಯದಿದ್ದರೆ ಮುಂದಿನ ಸರದಿಯವರೆಗೆ ಕಾಯದೆ ಅಂದೇ ವೈದ್ಯರ ಬಳಿಗೆ ಓಡಬೇಕು. ಆ ಕೈಯಿಂದ ರಕ್ತವನ್ನು ತೆಗೆಯಲು, ಅದಕ್ಕೆ ರಕ್ತದೊತ್ತಡದ ಪಟ್ಟಿಯನ್ನು ಕಟ್ಟಲು ಯಾರಿಗೂ ಅವಕಾಶ ಕೊಡಬಾರದು. ನೀರಿನ ಕೊಡವನ್ನು ಆ ತೋಳಿನ ಮೇಲೆ ಹೊರಬಾರದು.

ಏಳನೆಯದು ಜನರು ಮತ್ತು ಅವರ ಮಾತು. ಸರದಿಯ ನಡುವೆ ಅರ್ಧ ಗಂಟೆಗೋ ಗಂಟೆಗೋ ಒಮ್ಮೆ ರಕ್ತದೊತ್ತಡವನ್ನು ನೋಡಿ ಬರೆಯುವರೇ? ಒಬ್ಬ ತಂತ್ರಜ್ಞನ ಪಾಲಿಗೆ ಎಷ್ಟು ಯಂತ್ರಗಳಿವೆ? ರೋಗಿಗೆ ತಲೆ ಸುತ್ತಿದಾಗ ವೈದ್ಯರು ಎಷ್ಟು ಹೊತ್ತಿನಲ್ಲಿ ಬರುವರು? ಮೂತ್ರಪಿಂಡದ ತಜ್ಞರು ಯಾವಾಗ ಬಂದು ನೋಡುವರು? ವಿದ್ಯುಚ್ಛಕ್ತಿಯು ಹೋದರೆ ಜನರೇಟರು ಇದೆಯೇ? ಯಂತ್ರವು ಕೆಟ್ಟರೆ ಅಂದಿನ ರೋಗಿಯನ್ನು ಎಲ್ಲಿಗೆ ಕಳುಹಿಸುವರು? ಪಥ್ಯದ ಮಾತಿನಲ್ಲಿಯೂ ಕೇಂದ್ರದ ಗುಣವು ತೋರುವುದು. ಅಚ್ಚು ಹಾಕಿದ ಒಂದು ಚೀಟಿಯನ್ನು ಕೈಗಿಟ್ಟು ಕಳುಹಿಸುವುದು ಸುಲಭ. ‘ನಿಮ್ಮ ಮನೆಯಲ್ಲಿ ಮುದ್ದೆಗೆ ಏನು ಸಾರು? ಉಪ್ಪಿನಕಾಯಿ ಎಷ್ಟು? ಎಳನೀರು ಕುಡಿಯುವಿರಾ?’ ಎಂದು ವಿಚಾರಿಸಿ, ಎಳನೀರಿನಲ್ಲಿಯೂ ಬಾಳೆಹಣ್ಣಿನಲ್ಲಿಯೂ ಇರುವ ಪೊಟ್ಯಾಸಿಯಂ ಇಂಥವರ ಹೃದಯವನ್ನು ನಿಲ್ಲಿಸಬಲ್ಲುದೆಂದು ಮನಸ್ಸಿಗೆ ನಾಟುವಂತೆ ಹೇಳುವವರೇ ನಿಜವಾಗಿ ನೋಡಿಕೊಳ್ಳುವವರು. ಹಾಗೆಯೇ, ಮೂತ್ರಪಿಂಡದ ಕಸಿಯನ್ನು ಕುರಿತೂ, ಮನೆಯಲ್ಲಿಯೇ ಹೊಟ್ಟೆಯ ಪೊರೆಯ ಮೂಲಕ ಮಾಡಿಕೊಳ್ಳಬಹುದಾದ ಡಯಾಲಿಸಿಸ್ಸನ್ನು ಕುರಿತೂ ರೋಗಿಗೆ ತಿಳಿಸುವುದು ಕೇಂದ್ರದ ಕರ್ತವ್ಯ. ಎರಡನೆಯದನ್ನು ರಾಷ್ಟ್ರೀಯ ಕಾರ್ಯಕ್ರಮದೊಳಕ್ಕೆ ೨೦೧೯ರಲ್ಲಿ ಸೇರಿಸಲಾಯಿತು. ಪೇಟೆಯಿಂದ ದೂರವಿರುವ ಹಳ್ಳಿಗಳವರು ಇದನ್ನು ಕೇಳಿ ತಿಳಿಯುವುದು ಒಳ್ಳೆಯದು.

ಇಷ್ಟನ್ನು ಹೇಳಿದ ಮೇಲೆ ನ್ಯಾಯದ ಒಂದು ಮಾತನ್ನೂ ಹೇಳಬೇಕು. ನಡೆಯುವ ತೊಂದರೆಗಳೆಲ್ಲ ಕೇಂದ್ರದ ತಪ್ಪಲ್ಲ. ನಾಲ್ಕು ಕಿಲೋ ಏರಿಸಿಕೊಂಡು ಬಂದವನಿಗೆ ಕಾಲು ಸೆಳೆದರೆ ಆ ತಪ್ಪು ಮನೆಯ ಕೊಡದಲ್ಲಿಯೂ ಉಪ್ಪಿನ ಭರಣಿಯಲ್ಲಿಯೂ ಇದೆ. ಕೈಗವಸನ್ನು ಬದಲಿಸದಿದ್ದರೆ ಅದು ಕೇಂದ್ರದವರದು. ಯಂತ್ರವು ಕೆಟ್ಟು ವಾರವಾದರೂ ದುರಸ್ತಿಯಾಗದಿದ್ದರೆ, ಇಂಜೆಕ್ಷನ್ನು ಬಾರದಿದ್ದರೆ, ತಂತ್ರಜ್ಞರಿಗೆ ಸಂಬಳವು ಕಾಲಕ್ಕೆ ಸರಿಯಾಗಿ ಸಿಗದಿದ್ದರೆ ಅದು ಆಡಳಿತದ್ದು. ಹಾಸಿಗೆಯ ಬಳಿ ನಿಂತಿರುವ ದಾದಿಯ ಮೇಲೆ ಕೂಗಾಡಿ ಫಲವಿಲ್ಲ. ದಿನಕ್ಕೆ 'ಮೂರು ಸರದಿ' ನಡೆಸಿ ದಣಿದವರು ಅವರು. ತಪ್ಪು ಯಾರದೆಂದು ಮೊದಲು ವಿಂಗಡಿಸಿಕೊಂಡರೆ, ದೂರು ಸರಿಯಾದ ಬಾಗಿಲಿಗೆ ಹೋಗುವುದು.

ವಿಂಗಡಿಸುವ ಸಾಧನವು ಬಹು ಅಗ್ಗವಾದುದು: ಒಂದು ನೋಟುಪುಸ್ತಕ. ಒಂದೊಂದು ಸರದಿಗೆ ಒಂದೊಂದು ಸಾಲು. ತಾರೀಖು, ಬರುವಾಗಿನ ತೂಕ, ಹೋಗುವಾಗಿನ ತೂಕ, ಯಂತ್ರವು ಮೊದಲಾದ ಗಂಟೆ, ನಿಂತ ಗಂಟೆ, ರಕ್ತದೊತ್ತಡ, ನಡೆದ ತೊಂದರೆ. ತಿಂಗಳಿಗೊಮ್ಮೆ ಪರೀಕ್ಷೆಯ ಅಂಕಿಗಳು. ಹಾಲಿನ ಲೆಕ್ಕವನ್ನೂ ಗೂಡಿನ ಲೆಕ್ಕವನ್ನೂ ಬರೆದಿಡುವ ಗೃಹಿಣಿಗೆ ಇದು ಭಾರವಾಗದು. ಮೂರು ತಿಂಗಳಾದ ಮೇಲೆ ಆ ಪುಟಗಳನ್ನು ತಿರುವಿದರೆ ಕೇಂದ್ರದ ಗುಣವೂ ಮನೆಯ ಗುಣವೂ ಒಟ್ಟಿಗೆ ತಿಳಿಯುವುವು. ‘ಇಲ್ಲಿ ಸರಿಯಾಗಿ ನೋಡುವುದಿಲ್ಲ’ ಎಂಬ ಬರಿಯ ಮಾತಿಗೆ ಯಾವ ಅಧಿಕಾರಿಯೂ ಉತ್ತರ ಕೊಡಬೇಕಾಗಿಲ್ಲ. ‘ಕಳೆದ ೩೬ ಸರದಿಗಳಲ್ಲಿ ೨೧ ಸರದಿಗಳು ನಾಲ್ಕು ಗಂಟೆ ನಡೆಯಲಿಲ್ಲ, ಕಾರಣವೇನು?’ ಎಂಬ ಪ್ರಶ್ನೆಗೆ ಉತ್ತರ ಕೊಡದೆ ತಪ್ಪಿಸಿಕೊಳ್ಳಲಾಗದು.

ಕೇಳುವ ಕ್ರಮವೂ ಉಂಟು. ಮೊದಲು ಹಿರಿಯ ದಾದಿಯನ್ನೋ ತಂತ್ರಜ್ಞನನ್ನೋ ವಿನಯದಿಂದ, ಎಲ್ಲರೆದುರಿಗಲ್ಲದೆ ಬದಿಯಲ್ಲಿ ಕೇಳಬೇಕು. ಅಲ್ಲಿ ತೃಪ್ತಿಯಾಗದಿದ್ದರೆ ವೈದ್ಯಾಧಿಕಾರಿಗಳನ್ನು, ಅನಂತರ ಆಸ್ಪತ್ರೆಯ ಮುಖ್ಯಸ್ಥರನ್ನು, ಕಡೆಗೆ ಜಿಲ್ಲಾ ಆರೋಗ್ಯಾಧಿಕಾರಿಗಳನ್ನು ಬರಹದ ಮೂಲಕ ಕೇಳಬೇಕು. ಖಾಸಗಿ ಕೇಂದ್ರವಾದರೆ ೨೦೦೭ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯ ಮೇರೆಗೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿರುವ ಪ್ರಾಧಿಕಾರಕ್ಕೆ ದೂರನ್ನು ಸಲ್ಲಿಸಬಹುದು. ದೂರು ಕೊಟ್ಟರೆ ನಮ್ಮವರ ಚಿಕಿತ್ಸೆಯನ್ನೇ ನಿಲ್ಲಿಸಿಬಿಡುವರೋ ಎಂಬ ಅಂಜಿಕೆಯು ಬಡವರ ಮನೆಗಳಲ್ಲಿ ದೊಡ್ಡದು. ಅದು ನಿರಾಧಾರವೆಂದು ತಳ್ಳಿಹಾಕಲಾಗದು. ಒಂದೇ ಸರದಿಗೆ ಬರುವ ನಾಲ್ಕು ಮನೆಗಳವರು ಒಟ್ಟಾಗಿ, ಒಂದೇ ಕಾಗದದಲ್ಲಿ, ಅಂಕಿಗಳೊಡನೆ ಬರೆದರೆ ಆ ಅಂಜಿಕೆಗೆ ಅವಕಾಶವು ಕಡಮೆ. ಹಾಗೆಯೇ, ಒಳ್ಳೆಯದನ್ನು ಕಂಡಾಗ ಅದನ್ನೂ ಬರೆದು ತಿಳಿಸುವುದು ಸಜ್ಜನಿಕೆ. ನಾಲ್ಕು ಗಂಟೆಗಳಿಗೆ ಒಂದು ನಿಮಿಷ ಮುಂಚೆಯೂ ಬಿಡದ ಕಟ್ಟುನಿಟ್ಟಿನ ದಾದಿಯ ಮೇಲೆ ಗೊಣಗುವವರು ಹಲವರು. ಅವಳನ್ನು ಮೆಚ್ಚಿ ಮೇಲಧಿಕಾರಿಗೆ ಎರಡು ಸಾಲು ಬರೆದವರು ಎಷ್ಟು ಮಂದಿ?

ಈ ಪುಟಗಳನ್ನು ಓದಬಲ್ಲವರ ಮನೆಗೆ ಈ ಕಷ್ಟವು ಬಾರದಿರಲೆಂದೇ ನಮ್ಮ ಹಾರೈಕೆ. ಬಂದವರು ಮಾತ್ರ ಒಂದನ್ನು ನೆನಪಿನಲ್ಲಿಡಬೇಕು. ಕೇಂದ್ರದಲ್ಲಿ ನಿಮ್ಮವರ ಪಕ್ಕದ ಹಾಸಿಗೆಯಲ್ಲಿ ಮಲಗಿರುವವರಿಗೆ ಓದು ಬಾರದಿರಬಹುದು. ಚೀಟಿಯಲ್ಲಿನ ಅಂಕಿಯ ಅರ್ಥವನ್ನು ಹೇಳುವವರು ಅವರ ಮನೆಯಲ್ಲಿ ಯಾರೂ ಇಲ್ಲದಿರಬಹುದು. ಇಬ್ಬರಿಗೂ ಹರಿಯುವುದು ಒಂದೇ ತೊಟ್ಟಿಯ ನೀರು, ಮುಟ್ಟುವುದು ಅವೇ ಕೈಗಳು. ನೀವು ಕೇಳಿದ ಪ್ರಶ್ನೆಯಿಂದ ಆ ನೀರೂ ಆ ಕೈಗಳೂ ಶುದ್ಧವಾದರೆ ಅದರ ಫಲವು ಅವರಿಗೂ ಸಲ್ಲುವುದು. ಮುಂದಿನ ಸರದಿಗೆ ಹೋಗುವಾಗ ನೋಟುಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ಹೋಗಿರಿ. ಅವರಿಗೂ ಒಂದು ಪುಟವನ್ನು ಬರೆದುಕೊಡಿರಿ.